ಕಾಣಕೋಣದಲ್ಲಿ ತೆರೆಯದ ಹ್ಯಾಂಡಲ್ ಲಾಕ್: ಒಂದು ಪ್ರಕರಣ

ಗಾಡಿ ಗದಗಿನದು. ಕೆಎ-26 ನಂಬರಿನ 150 ಸಿಸಿ ಬೈಕು, ಐದು ವರ್ಷ ಹಳೆಯದು. ಅಣ್ಣ ತಮ್ಮ ಇಬ್ಬರು ಜುಲೈ ಮಳೆಯಲ್ಲೇ ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ, ಕಾರವಾರ ಹಾದು ದಕ್ಷಿಣ ಗೋವಾದ ಕಾಣಕೋಣಕ್ಕೆ ಬಂದಿದ್ದರು. ಪಾಲೊಳೆಂ ಬೀಚಿನ ಹತ್ತಿರ ಒಂದು ಲಾಡ್ಜಿನಲ್ಲಿ ರೂಮು ಹಿಡಿದರು. ಶನಿವಾರ ರಾತ್ರಿ ಗಾಡಿಯನ್ನು ಕಾಂಪೌಂಡಿನ ಒಳಗೆ, ತೆಂಗಿನ ಮರದ ಪಕ್ಕ ಸೈಡ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಹ್ಯಾಂಡಲ್ ಎಡಕ್ಕೆ ತಿರುಗಿಸಿ ಲಾಕ್ ಹಾಕಿ ಮಲಗಿದರು. ಭಾನುವಾರ ಬೆಳಿಗ್ಗೆ ಚಾವಿ ಒಳಗೆ ಹೋಯಿತು, ತಿರುಗಲಿಲ್ಲ.

ಸಣ್ಣ ಪ್ರಕರಣ. ಆದರೂ ಪೂರ್ತಿ ಬರೆಯುತ್ತಿದ್ದೇನೆ. ನಾನು ಮಡಗಾಂವ್‌ನಲ್ಲಿ ಟೂ ವೀಲರ್ ಬಿಡಿಭಾಗಗಳ ಅಂಗಡಿಯೊಂದರ ಕೌಂಟರ್‌ನಲ್ಲಿ ಕೂರುವವನು. ಮಳೆಗಾಲ ಬಂತೆಂದರೆ ಲಾಕ್ ಸೆಟ್ ಕೇಳಿಕೊಂಡು ಬರುವವರು ಜಾಸ್ತಿ. ಅವರು ತಂದು ತೋರಿಸುವ ಹಳೆಯ ಲಾಕ್ ನೋಡಿದರೆ ಗೊತ್ತಾಗುತ್ತದೆ, ಬಹಳಷ್ಟು ಹಾಳಾಗಿರುವುದು ತೆರೆಯಲು ಹೋದ ಅವಸರದಲ್ಲಿ. ಒಳಗೆ ಚಾವಿ ಮುರಿದಿರುತ್ತದೆ, ಬಾಡಿ ಬಿರುಕು ಬಿಟ್ಟಿರುತ್ತದೆ, ಇಲ್ಲವೇ ಪಿನ್ ಸೊಟ್ಟಗಾಗಿರುತ್ತದೆ. ಊರು ಬಿಟ್ಟು ಬಂದವರಿಗೆ ಗಾಬರಿ ಬೇಗ. ರೂಮು ಖಾಲಿ ಮಾಡಬೇಕು, ಮಳೆ ನಿಲ್ಲುತ್ತಿಲ್ಲ, ಗುರುತಿನ ಗ್ಯಾರೇಜ್ ಇಲ್ಲ. ಕೈ ತಾನಾಗಿ ಜೋರು ಮಾಡುತ್ತದೆ. ಈ ಗಾಡಿಯಲ್ಲಿ ಏನೂ ಮುರಿಯದೆ ಲಾಕ್ ತೆರೆಯಿತು. ಅದನ್ನು ತೆರೆದ ಕೈಯನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ.

ಆ ಕೈ ಒಬ್ಬ ಕಾಕಾನದು. ಬಾದಾಮಿ ಕಡೆಯವರು, ಕಾಣಕೋಣದ ಚಾವಡಿ ಪೇಟೆಯಲ್ಲಿ ಬಹಳ ವರ್ಷಗಳಿಂದ ಗ್ಯಾರೇಜ್ ಕೆಲಸ. ಬಿಡಿಭಾಗಗಳನ್ನು ನಮ್ಮ ಅಂಗಡಿಯಿಂದಲೇ ತರಿಸುತ್ತಾರೆ. ಗೋವಾದಲ್ಲಿ ಭಾನುವಾರ ಗ್ಯಾರೇಜುಗಳೂ ಅಂಗಡಿಗಳೂ ಹೆಚ್ಚಾಗಿ ಮುಚ್ಚಿರುತ್ತವೆ. ವಾರದ ದಿನಗಳಲ್ಲೂ ಮಧ್ಯಾಹ್ನ ಊಟದ ಹೊತ್ತಿಗೆ ಬಾಗಿಲು ಎಳೆದರೆ ಮತ್ತೆ ತೆರೆಯುವುದು ಮೂರೋ ನಾಲ್ಕೋ ಗಂಟೆಗೆ. ಪ್ರವಾಸಕ್ಕೆ ಬಂದವರು ಇದನ್ನು ಲೆಕ್ಕದಲ್ಲಿ ಇಟ್ಟುಕೊಂಡಿರಬೇಕು. ತಮ್ಮ, ಒಬ್ಬ ಪೈಲಟ್‌ನ ಬೈಕ್ ಹಿಂದೆ ಕೂತು ಚಾವಡಿಗೆ ಹೋದ. ಗೋವಾದಲ್ಲಿ ಬಾಡಿಗೆ ತೆಗೆದುಕೊಂಡು ಜನರನ್ನು ಬೈಕಿನ ಹಿಂದೆ ಕೂರಿಸಿ ಬಿಟ್ಟುಬರುವವರನ್ನು ಪೈಲಟ್ ಅನ್ನುತ್ತಾರೆ. ಆ ಪೈಲಟ್ಟೇ "ಕನ್ನಡದವರಾ? ಹಾಗಾದರೆ ನಡೀರಿ" ಎಂದು ಕಾಕಾನ ಮನೆ ತೋರಿಸಿದ. ಕಾಕಾ ನನಗೆ ಫೋನ್ ಮಾಡಿದರು. ಅವರ ಹತ್ತಿರ ತುಕ್ಕು ಬಿಡಿಸುವ ಸ್ಪ್ರೇ ಮುಗಿದಿತ್ತು. ನನಗೂ ರಜೆ, ಡಬ್ಬಿ ತೆಗೆದುಕೊಂಡು ಹೊರಟೆ.

ನಾನು ಹೋಗುವಷ್ಟರಲ್ಲಿ ಅಣ್ಣ ಸಾಕಷ್ಟು ಕಸರತ್ತು ಮಾಡಿದ್ದ. ಚಾವಿಯ ಕತ್ತಿನಲ್ಲಿ ಸಣ್ಣ ತಿರುಚು ಬಿದ್ದಿತ್ತು. ಹತ್ತಿರ ಹಿಡಿದು ನೋಡಿದರೆ ತಿರುಚಿದ ಜಾಗದಲ್ಲಿ ಒಂದು ಬಿಳಿ ಗೆರೆ. ಹಿತ್ತಾಳೆಯ ಚಾವಿ ಎರಡು ಮಿಲಿಮೀಟರ್ ಆಚೀಚೆ ದಪ್ಪ ಇರುತ್ತದೆ, ಅಷ್ಟೇ. ಆ ಬಿಳಿ ಗೆರೆ ಕಂಡರೆ ಮುಂದಿನ ತಿರುವಿನಲ್ಲಿ ಅದು ಮುರಿಯಬಹುದು ಎಂದೇ ಅರ್ಥ. ಮುರಿದರೆ ಅರ್ಧ ಒಳಗೆ ಉಳಿಯುತ್ತದೆ, ಆಗ ಕೆಲಸ ಎರಡರಷ್ಟಾಗುತ್ತದೆ.

ಲಾಡ್ಜಿನ ಮುಂದೆ ನಿಂತಿದ್ದ ಯಾರೋ ಇನ್ನೊಂದು ಸಲಹೆ ಕೊಟ್ಟಿದ್ದರು. ಹ್ಯಾಂಡಲ್ ಹಿಡಿದು ಜೋರಾಗಿ ಬಲಕ್ಕೆ ಒದ್ದರೆ ಲಾಕ್ ಕಿತ್ತು ಬರುತ್ತದೆ ಅಂತ. ಬರುತ್ತದೆ, ನಿಜ. ಕಳ್ಳರು ಮಾಡುವುದೂ ಇದನ್ನೇ. ಆದರೆ ಕಿತ್ತು ಬರುವಾಗ ಏನೇನು ಕೀಳುತ್ತದೆ ನೋಡಿ. ಲಾಕಿನ ಬಾಡಿ ಸತುವಿನ ಮಿಶ್ರಲೋಹದ ಎರಕ, ಅದು ಬಿರುಕು ಬಿಡುತ್ತದೆ. ಹ್ಯಾಂಡಲ್ಲನ್ನು ಹಿಡಿದಿಡುವ ಉಕ್ಕಿನ ಪಿನ್ ಸೊಟ್ಟಗಾಗುತ್ತದೆ, ಇಲ್ಲವೇ ತುಂಡಾಗಿ ಒಂದು ಚೂರು ಚಾಸಿಯ ಕತ್ತಿನ (ಹ್ಯಾಂಡಲ್ ಕೂತು ತಿರುಗುವ ಜಾಗ) ಹತ್ತಿರ ಉಳಿಯುತ್ತದೆ. ಘಟ್ಟದ ತಿರುವಿನಲ್ಲಿ ಆ ಚೂರು ಅಡ್ಡ ಬಂದು ಹ್ಯಾಂಡಲ್ ಕಚ್ಚಿಕೊಂಡರೆ? ಹಣದ ಮಾತು ಬಿಡಿ, ಜೀವದ ಪ್ರಶ್ನೆ. ಈ ಸಲಹೆ ಕೊಡುವವರು ಎಲ್ಲ ಊರಲ್ಲೂ ಸಿಗುತ್ತಾರೆ. ದಯವಿಟ್ಟು ಕೇಳಬೇಡಿ.

ಕಾಕಾ ಬಂದವರು ಚಾವಿಯನ್ನು ಮುಟ್ಟಲೇ ಇಲ್ಲ.

"ಕಾಕಾ, ಚಾವಿ ಒಳಗ ಹೊಕ್ಕೈತಿ, ತಿರಗವಲ್ತು ನೋಡ್ರಿ," ಅಂದ ಅಣ್ಣ.

"ಚಾವಿ ಕಿಸೇದಾಗ ಇಡು ತಮ್ಮಾ. ಮೊದಲ ಗಾಡಿ ಹ್ಯಾಂಗ ನಿಂತೈತಿ ನೋಡೂಣು," ಅಂದರು ಕಾಕಾ.

ಗಾಡಿ ನಿಂತ ರೀತಿಯಲ್ಲೇ ಮೊದಲ ಕಾರಣ ಇತ್ತು. ಕಾಂಪೌಂಡಿನ ನೆಲ ಮರಳು ಮಣ್ಣು. ರಾತ್ರಿಯೆಲ್ಲ ಮಳೆ ಬಿದ್ದು ಸೈಡ್ ಸ್ಟ್ಯಾಂಡಿನ ಕಾಲು ಒಳಗೆ ಇಳಿದಿತ್ತು. ಗಾಡಿ ಎಡಕ್ಕೆ ಇನ್ನಷ್ಟು ವಾಲಿ, ಮುಂದಿನ ಚಕ್ರ ಗೋಡೆಯ ಬುಡದ ಕೆಂಪು ಚಿರೇಕಲ್ಲಿಗೆ ಒತ್ತಿಕೊಂಡಿತ್ತು. ಕಲ್ಲು ಚಕ್ರವನ್ನು ತಳ್ಳುತ್ತಿದೆ, ಚಕ್ರ ಹ್ಯಾಂಡಲ್ಲನ್ನು ತಳ್ಳುತ್ತಿದೆ, ಹ್ಯಾಂಡಲ್ ತಿರುಗದಂತೆ ಹಿಡಿದಿರುವುದು ಲಾಕಿನ ಪಿನ್ ಒಂದೇ.

ಈ ಲಾಕ್ ಒಳಗೆ ಹೇಗಿರುತ್ತದೆ ಅಂತ ಹೇಳಿಬಿಡುತ್ತೇನೆ. ಈಗಿನ ಹೆಚ್ಚಿನ ಬೈಕುಗಳಲ್ಲಿ ಇಗ್ನಿಷನ್ ಸ್ವಿಚ್ ಮತ್ತು ಹ್ಯಾಂಡಲ್ ಲಾಕ್ ಒಂದೇ ಡಬ್ಬಿಯಲ್ಲಿರುತ್ತವೆ. ಆ ಡಬ್ಬಿ ಫೋರ್ಕಿನ ಮೇಲಿನ ಪ್ಲೇಟಿಗೆ ಕೂತಿರುತ್ತದೆ, ಹ್ಯಾಂಡಲ್ ಜೊತೆಗೇ ತಿರುಗುತ್ತದೆ. ಹ್ಯಾಂಡಲ್ಲನ್ನು ಪೂರ್ತಿ ಎಡಕ್ಕೆ ತಂದು, ಚಾವಿಯನ್ನು ಒತ್ತಿ ತಿರುಗಿಸಿದಾಗ ಡಬ್ಬಿಯಿಂದ ಒಂದು ಪಿನ್ ಹೊರಗೆ ಬಂದು ಚಾಸಿಯ ಕತ್ತಿನಲ್ಲಿರುವ ತೂತಿಗೆ ಇಳಿಯುತ್ತದೆ. ತೆರೆಯುವಾಗ ಅದೇ ಪಿನ್ ವಾಪಸ್ ಡಬ್ಬಿಗೆ ಬರಬೇಕು. ಹ್ಯಾಂಡಲ್ ಮೇಲೆ ಅಡ್ಡ ಒತ್ತಡ ಇದ್ದರೆ ಪಿನ್ ತೂತಿನ ಅಂಚಿಗೆ ಕಚ್ಚಿಕೊಳ್ಳುತ್ತದೆ. ಪಿನ್ ಬರದಿದ್ದರೆ ಚಾವಿ ತಿರುಗುವುದಿಲ್ಲ. ಬೋಲ್ಟ್ ಹಾಕಿದ ಬಾಗಿಲನ್ನು ಹೊರಗಿನಿಂದ ಯಾರೋ ತಳ್ಳಿ ಹಿಡಿದಿದ್ದರೆ ಒಳಗಿನ ಬೋಲ್ಟ್ ಸರಿಯುವುದಿಲ್ಲ ಅಲ್ವಾ, ಅದೇ ಕಥೆ.

ಒತ್ತಡ ಇದೆಯೋ ಇಲ್ಲವೋ ತಿಳಿಯಲು ಸುಲಭದ ದಾರಿ ಇದೆ. ಲಾಕ್ ಬಿದ್ದ ಹ್ಯಾಂಡಲ್ಲನ್ನು ಎರಡು ಬೆರಳಲ್ಲಿ ಅತ್ತಿತ್ತ ಆಡಿಸಿ. ಸ್ವಲ್ಪ ಆಟ ಇರಬೇಕು, ಟಕ್ ಟಕ್ ಅನ್ನಬೇಕು. ಇಲ್ಲಿ ಒಂಚೂರೂ ಆಡಲಿಲ್ಲ. ಕಾಕಾ ಮತ್ತು ತಮ್ಮ ಹಿಂದಿನ ಗ್ರ್ಯಾಬ್ ರೈಲ್ ಹಿಡಿದು ಗಾಡಿಯನ್ನು ಎತ್ತಿ ಎತ್ತಿ ಅರ್ಧ ಅಡಿ ಹಿಂದೆ ಸರಿಸಿದರು. ಲಾಕ್ ಬಿದ್ದ ಗಾಡಿಯನ್ನು ಸುಮ್ನೆ ತಳ್ಳಿದರೆ ಅದು ಸುತ್ತು ಹೊಡೆಯುತ್ತದೆ, ಆ ಭಾರವೂ ಪಿನ್ ಮೇಲೆಯೇ ಬೀಳುತ್ತದೆ. ಅದಕ್ಕೆ ಎತ್ತುವುದು. ಆಮೇಲೆ ಸೆಂಟರ್ ಸ್ಟ್ಯಾಂಡಿನ ಕೆಳಗೆ ಒಂದು ಹಲಗೆ ಕೊಟ್ಟು ನಿಲ್ಲಿಸಿದರು. ಮುಂದಿನ ಚಕ್ರ ಹಗುರಾಯಿತು. ಈಗ ಹ್ಯಾಂಡಲ್ ಆಡಿಸಿದರೆ ಟಕ್ ಅಂತ ಸದ್ದು ಬಂತು.

ಎಷ್ಟೋ ಸಲ ಕೆಲಸ ಇಲ್ಲಿಗೇ ಮುಗಿಯುತ್ತದೆ. ಎಡಗೈಯಲ್ಲಿ ಹ್ಯಾಂಡಲ್ಲನ್ನು ಮೆತ್ತಗೆ ಆಡಿಸುತ್ತ ಬಲಗೈಯಲ್ಲಿ ಚಾವಿ ತಿರುಗಿಸಿದರೆ, ಪಿನ್ ಬಿಡುವ ಕ್ಷಣದಲ್ಲಿ ಚಾವಿ ತಾನಾಗಿ ಹೊರಳುತ್ತದೆ. ದಾರಿಯಲ್ಲಿ ಸಿಕ್ಕಿಬಿದ್ದವರು ಮೊದಲು ಮಾಡಬೇಕಾದ್ದು ಇದನ್ನೇ. ಈ ಗಾಡಿಯಲ್ಲಿ ಮಾತ್ರ ಇದೂ ಸಾಲಲಿಲ್ಲ.

ಕಾಕಾ ಮೊಬೈಲ್ ಟಾರ್ಚ್ ಹಾಕಿ ಚಾವಿ ತೂತಿನೊಳಗೆ ನೋಡಿದರು. ಚಾವಿ ಹಾಕಿ ಹೊರಗೆ ಎಳೆದು ಬಿಳಿ ಬಟ್ಟೆಗೆ ಒರೆಸಿದರು. ಬಟ್ಟೆಯ ಮೇಲೆ ಬೂದು ಕಂದು ಬಣ್ಣದ ರಾಡಿ, ಅದರಲ್ಲಿ ಮಿನುಗುವ ಮರಳಿನ ಕಣ. ಬೆರಳಲ್ಲಿ ಉಜ್ಜಿದರೆ ಕರಕರ ಅನ್ನುತ್ತಿತ್ತು. ಗೋವಾದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಬೀಚಿನ ಹತ್ತಿರ ಗಾಳಿಯಲ್ಲೇ ಉಪ್ಪಿರುತ್ತದೆ. ಲಾಕಿನೊಳಗೆ ಹಿತ್ತಾಳೆಯ ಪತ್ರಿಗಳು (ಚಾವಿಯ ಹಲ್ಲು ಮೇಲೆ ಕೆಳಗೆ ಸರಿಸುವ ತೆಳು ತಗಡುಗಳು), ಸತುವಿನ ಬಾಡಿ, ಉಕ್ಕಿನ ಸ್ಪ್ರಿಂಗ್ ಒಂದಕ್ಕೊಂದು ತಾಗಿ ಇರುತ್ತವೆ. ಬೇರೆ ಬೇರೆ ಲೋಹಗಳ ನಡುವೆ ಉಪ್ಪುನೀರು ಸೇರಿದರೆ ತುಕ್ಕು ಬೇಗ ಹಿಡಿಯುತ್ತದೆ, ಸತು ಬಿಳಿ ಪುಡಿ ಕಟ್ಟುತ್ತದೆ. ನಮ್ಮ ಬಯಲುಸೀಮೆಯಲ್ಲಿ ಹತ್ತು ವರ್ಷ ತೊಂದರೆ ಕೊಡದ ಲಾಕ್ ಇಲ್ಲಿ ಒಂದು ಮಳೆಗಾಲಕ್ಕೇ ಹಠ ಹಿಡಿಯುವುದಕ್ಕೆ ಇದೇ ಕಾರಣ.

ಸ್ಪ್ರೇ ಡಬ್ಬಿಗೆ ಸಣ್ಣ ಕೆಂಪು ಕೊಳವೆ ಸಿಕ್ಕಿಸಿ ಕಾಕಾ ಚಾವಿ ತೂತಿಗೆ ಒಂದೆರಡು ಸಲ ಸಣ್ಣಗೆ ಹೊಡೆದರು. ಚಾವಿ ಹಾಕಿ ತೆಗೆದು ಒರೆಸಿದರು. ಮತ್ತೆ ಹೊಡೆದರು, ಮತ್ತೆ ಒರೆಸಿದರು. ಚಾವಿ ಸ್ವಚ್ಛವಾಗಿ ಹೊರಬರುವ ತನಕ ಇದೇ ಕೆಲಸ. ಆಗ ಚಾವಿ ತಿರುಗಿಸಲು ನೋಡುವುದಿಲ್ಲ, ಒಳಗೆ ಹೊರಗೆ ಮಾತ್ರ. ಆಮೇಲೆ ಕೆಳಗಿನಿಂದ, ಲಾಕಿನ ಡಬ್ಬಿ ಮತ್ತು ಚಾಸಿಯ ಕತ್ತಿನ ನಡುವಿನ ಸಂದಿಗೆ ಕೊಳವೆ ತೂರಿಸಿ ಪಿನ್ ಮೇಲೆ ಹೊಡೆದರು. ಬಹಳ ಜನ ಇದನ್ನು ಮರೆಯುತ್ತಾರೆ. ಚಾವಿ ತೂತಿಗೆ ಎಷ್ಟೇ ಹೊಡೆದರೂ ಪಿನ್ನಿನ ತುದಿಗೆ ಅದು ತಲುಪುವುದಿಲ್ಲ.

ಡಬ್ಲ್ಯೂಡಿ-40 ಥರದ ಸ್ಪ್ರೇ ಬಗ್ಗೆ ಒಂದು ಮಾತು. 1953ರಲ್ಲಿ ಅಮೆರಿಕದಲ್ಲಿ ಅದನ್ನು ಮಾಡಿದ್ದೇ ಲೋಹದಿಂದ ನೀರನ್ನು ಓಡಿಸಿ ತುಕ್ಕು ತಡೆಯಲು. ಆದ್ದರಿಂದ ನೆನೆದ ಲಾಕಿಗೆ ಅದು ಒಳ್ಳೆಯ ಮದ್ದು. ಆದರೆ ಬೇಗ ಆರುತ್ತದೆ, ತಿಂಗಳುಗಟ್ಟಲೆ ಜಾರಿಕೆ ಕೊಡುವುದಿಲ್ಲ. ಹಾಗಂತ ಕೊಬ್ಬರಿ ಎಣ್ಣೆ, ಗ್ರೀಸ್, ಎಂಜಿನ್ ಆಯಿಲ್ ಹಾಕಬೇಡಿ. ಇವು ಮರಳನ್ನು ಹಿಡಿದಿಟ್ಟು ಅಂಟು ಮಾಡುತ್ತವೆ. ಬಿಸಿನೀರು ಸುರಿದರೆ ಕೆಳಗಿನ ಸ್ವಿಚ್ಚಿಗೆ ನೀರು ಹೋಗುತ್ತದೆ. ಸ್ಪ್ರೇ ಹೊಡೆಯುವಾಗ ಪಕ್ಕದಲ್ಲಿ ಬೀಡಿ, ಬೆಂಕಿ ಇರಬಾರದು.

ಚಹಾ ಕುಡಿಯುವಷ್ಟು ಹೊತ್ತು ಬಿಟ್ಟೆವು. ಅಷ್ಟರಲ್ಲಿ ಗಸ್ತಿನ ಪೊಲೀಸರೊಬ್ಬರು ನಿಂತು ವಿಚಾರಿಸಿದರು. ಹೊರ ರಾಜ್ಯದ ಗಾಡಿ, ನಾಲ್ಕು ಜನ ಲಾಕ್ ಹತ್ತಿರ ಬಗ್ಗಿದ್ದಾರೆ, ವಿಚಾರಿಸಲೇಬೇಕು. ತಮ್ಮ ಡಿಜಿಲಾಕರ್‌ನಲ್ಲಿ ಆರ್‌ಸಿ ತೋರಿಸಿದ. 2018ರಿಂದ ಡಿಜಿಲಾಕರ್, ಎಂ-ಪರಿವಾಹನ್‌ನಲ್ಲಿರುವ ದಾಖಲೆಗೂ ಅಸಲಿ ಕಾಗದದಷ್ಟೇ ಬೆಲೆ ಇದೆ. ಅವರು ನೋಡಿ ಹೋದರು. ಚಾವಿ ಮಾಡುವವರ ಹತ್ತಿರ ಹೋದರೂ ಗಾಡಿ ನಿಮ್ಮದೇ ಎಂದು ತೋರಿಸಬೇಕಾಗುತ್ತದೆ, ಹಾಗಾಗಿ ಫೋನ್ ಚಾರ್ಜ್ ಇಟ್ಟುಕೊಂಡಿರಿ.

ಮತ್ತೆ ಚಾವಿ ಹಾಕಿದರು. ಈ ಸಲ ಕೂದಲೆಳೆಯಷ್ಟು ತಿರುಗಿ ನಿಂತಿತು. ಹಠ ಈಗ ಬೇರೆ ಥರ ಇತ್ತು. ಮೊದಲು ಕಲ್ಲಿನಂತೆ ನಿಲ್ಲುತ್ತಿತ್ತು, ಈಗ ಸ್ವಲ್ಪ ಮೆತ್ತಗೆ ಬಂದು ತಡೆಯುತ್ತಿತ್ತು. ಕಾಕಾ ಚಾವಿ ಹೊರತೆಗೆದು ಬೆಳಕಿಗೆ ಹಿಡಿದು ಹಲ್ಲುಗಳನ್ನು ನೋಡಿದರು.

"ಇದು ಕಂಪನಿ ಚಾವಿ ಅಲ್ಲಲ್ಲೋ?"

ಅಲ್ಲ. ಕಂಪನಿ ಚಾವಿ ಗದಗಿನ ಮನೆಯ ಕಪಾಟಿನಲ್ಲಿ ಜೋಪಾನವಾಗಿತ್ತು. ಅದರಿಂದ ಮಾಡಿಸಿದ ನಕಲು ಸವೆದಾಗ, ಆ ಸವೆದ ನಕಲನ್ನೇ ಕೊಟ್ಟು ಇನ್ನೊಂದು ಮಾಡಿಸಿದ್ದರು. ಕೈಯಲ್ಲಿದ್ದದ್ದು ಅದೇ. ನಕಲಿನ ನಕಲು. ಚಾವಿ ಕತ್ತರಿಸುವ ಮಷಿನ್ ಕೊಟ್ಟದ್ದನ್ನೇ ಕತ್ತರಿಸುತ್ತದೆ, ಸವೆತವನ್ನೂ ಸೇರಿಸಿ.

ಇದು ಯಾಕೆ ಮುಖ್ಯ ಅಂದರೆ, ಲಾಕಿನೊಳಗಿನ ಪ್ರತಿ ಪತ್ರಿಯನ್ನೂ ಚಾವಿಯ ಹಲ್ಲು ಸರಿಯಾದ ಎತ್ತರಕ್ಕೆ ತರಬೇಕು. ಎಲ್ಲ ಪತ್ರಿಗಳೂ ಸಾಲಾಗಿ ನಿಂತರೆ ಮಾತ್ರ ಚಾವಿ ಕೂರುವ ಉರುಳೆ ತಿರುಗುತ್ತದೆ. ಹಲ್ಲು ಸವೆದಿದ್ದರೂ ಒಳಗೆ ಸ್ವಚ್ಛವಾಗಿದ್ದಾಗ ಸ್ಪ್ರಿಂಗು ಪತ್ರಿಯನ್ನು ಹೇಗೋ ಹೊಂದಿಸಿಕೊಳ್ಳುತ್ತದೆ, ಗಾಡಿ ವರ್ಷಗಟ್ಟಲೆ ಚಾಲೂ ಆಗುತ್ತದೆ. ಒಳಗೆ ಒಂದು ಮರಳಿನ ಕಣ, ಒಂದಿಷ್ಟು ಬಿಳಿ ಪುಡಿ ಸೇರಿದ ದಿನ ಆ ಹೊಂದಾಣಿಕೆ ನಡೆಯುವುದಿಲ್ಲ. ಕಲ್ಲಿನ ಒತ್ತಡ, ಉಪ್ಪಿನ ರಾಡಿ, ಸವೆದ ಚಾವಿ, ಇವುಗಳಲ್ಲಿ ಯಾವುದೇ ಒಂದು ಒಂಟಿಯಾಗಿ ಬಂದಿದ್ದರೆ ಈ ಲಾಕ್ ಇಷ್ಟು ಹಠ ಹಿಡಿಯುತ್ತಿರಲಿಲ್ಲ ಎಂದೇ ನನ್ನ ಲೆಕ್ಕ. ಮೂರೂ ಒಂದೇ ರಾತ್ರಿ ಕೂಡಿದವು. ಒಂದನ್ನು ಸರಿಪಡಿಸಿದ ಮೇಲೂ ತೆರೆಯದಿದ್ದಾಗ ಜನ ತಾಳ್ಮೆ ಕಳೆದುಕೊಳ್ಳುತ್ತಾರೆ, "ಇದು ಆಗುವುದಲ್ಲ" ಅಂತ ಸುತ್ತಿಗೆ ಹಿಡಿಯುತ್ತಾರೆ. ಕಾಕಾ ಪ್ರತಿ ಸಲ ತಡೆ ಹೇಗೆ ಬದಲಾಯಿತು ಅಂತ ಕೈಯಲ್ಲಿ ಕೇಳುತ್ತಿದ್ದರು. ನಾನು ಕಲಿತದ್ದು ಅದನ್ನೇ.

ತಿರುಚಿದ ಚಾವಿಯನ್ನು ತಟ್ಟಿ ನೇರ ಮಾಡೋಣ ಅಂದ ಅಣ್ಣ. ಕಾಕಾ ಬೇಡ ಅಂದರು. ಬಿಳಿ ಗೆರೆ ಬಿದ್ದ ಹಿತ್ತಾಳೆಯನ್ನು ವಾಪಸ್ ಬಾಗಿಸಿದರೆ ಅಲ್ಲಿಯೇ ತುಂಡಾಗುತ್ತದೆ. ಇನ್ನೇನು ದಾರಿ ಇತ್ತು? ಲಾಕ್ ಡಬ್ಬಿಯನ್ನೇ ಬಿಚ್ಚಬಹುದು ಅನಿಸುತ್ತದೆ. ಆದರೆ ಅದರ ಬೋಲ್ಟುಗಳ ತಲೆ ಸಾಮಾನ್ಯ ಪಾನಾಕ್ಕೆ ಸಿಗದ ಹಾಗೆ ಮಾಡಿರುತ್ತಾರೆ. ಸಿಕ್ಕರೂ ಪಿನ್ ಚಾಸಿಯೊಳಗೆ ಇಳಿದಿರುವಾಗ ಡಬ್ಬಿ ಸುಲಭವಾಗಿ ಎದ್ದು ಬರುವುದಿಲ್ಲ. ಡ್ರಿಲ್ ಹಾಕಿದರೆ ಲಾಕ್ ಸೆಟ್ ಹೋದಂತೆಯೇ. ಇಗ್ನಿಷನ್, ಪೆಟ್ರೋಲ್ ಟ್ಯಾಂಕ್ ಮುಚ್ಚಳ, ಸೀಟು ಇವೆಲ್ಲಕ್ಕೂ ಒಂದೇ ಚಾವಿ ಬೇಕೆಂದರೆ ಇಡೀ ಸೆಟ್ಟೇ ಬದಲಿಸಬೇಕು. ಟೆಂಪೋದಲ್ಲಿ ಮಡಗಾಂವ್‌ಗೆ ಸಾಗಿಸಬಹುದಿತ್ತು. ಹ್ಯಾಂಡಲ್ ಎಡಕ್ಕೆ ಕಚ್ಚಿರುವ ಗಾಡಿಯನ್ನು ಉರುಳಿಸಲು ಆಗುವುದಿಲ್ಲ, ನಾಲ್ಕು ಜನ ಎತ್ತಬೇಕು. ಇನ್ಶೂರೆನ್ಸ್ ಜೊತೆ ರೋಡ್‌ಸೈಡ್ ಅಸಿಸ್ಟೆನ್ಸ್ ತೆಗೆದುಕೊಂಡಿದ್ದರೆ ಆ ಕೆಲಸ ಅವರದು. ಇವರು ತೆಗೆದುಕೊಂಡಿರಲಿಲ್ಲ.

ಕೊನೆಗೆ ಗದಗಿಗೆ ಫೋನ್ ಹೋಯಿತು. ಅಪ್ಪ ಕಪಾಟಿನ ಚಾವಿಯನ್ನು ಹುಬ್ಬಳ್ಳಿಗೆ ತಂದು, ಗೋವಾ ಕಡೆ ಹೊರಟ ರಾತ್ರಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರು. ಬಸ್ ನಂಬರು, ಕಂಡಕ್ಟರ್ ಫೋನು ನನಗೆ ಬಂತು. ಲಾಡ್ಜಿನವರು ಪ್ಲಾಸ್ಟಿಕ್ ಚೀಲ ಕೊಟ್ಟರು, ಅದನ್ನು ಹ್ಯಾಂಡಲ್ ಮೇಲೆ ಕಟ್ಟಿ, ಗಾಡಿಯನ್ನು ಎತ್ತಿ ಶೆಡ್ ಕೆಳಗೆ ಇಟ್ಟೆವು. ಒಂದು ರಾತ್ರಿಯ ರೂಮು ಬಾಡಿಗೆ ಹೆಚ್ಚಾಯಿತು. ಲಾಕ್ ಸೆಟ್, ಟೆಂಪೋ, ಕೂಲಿ ಸೇರಿಸಿ ನೋಡಿದರೆ ಅದೇ ಕಡಿಮೆ.

ಸೋಮವಾರ ಬೆಳಿಗ್ಗೆ ಮಡಗಾಂವ್‌ನ ಕದಂಬ ಬಸ್ ನಿಲ್ದಾಣದಲ್ಲಿ ಚಾವಿ ಇಸಿದುಕೊಂಡು ಕಾಣಕೋಣದ ಬಸ್ ಹತ್ತಿದೆ. ಹೊಸ ಹಿತ್ತಾಳೆಯ ಹೊಳಪು, ಹಲ್ಲುಗಳ ಅಂಚು ಚೂಪು. ಹಳೆಯದನ್ನು ಪಕ್ಕದಲ್ಲಿಟ್ಟರೆ ಅದರ ಗುಡ್ಡಗಳೆಲ್ಲ ತಗ್ಗಾಗಿ ದುಂಡಗಾಗಿದ್ದವು. ಕಾಕಾ ಎಡಗೈ ಹ್ಯಾಂಡಲ್ ಮೇಲಿಟ್ಟು, ಬಲಗೈಯ ಎರಡೇ ಬೆರಳಲ್ಲಿ ಚಾವಿ ತಿರುಗಿಸಿದರು. ತಿರುಗಿತು. ಅಣ್ಣ ಅವರ ಕಾಲು ಮುಟ್ಟಲು ಬಗ್ಗಿದ. "ಏಳೋ, ಮೊದಲ ಪಿನ್ ನೋಡೂಣು" ಅಂದರು.

ಹ್ಯಾಂಡಲ್ ಬಿಟ್ಟ ಮೇಲೆ ಗಾಡಿ ಹತ್ತಿ ಹೊರಟುಬಿಡಬಾರದು. ಕಾಕಾ ಹ್ಯಾಂಡಲ್ಲನ್ನು ಪೂರ್ತಿ ಎಡದಿಂದ ಪೂರ್ತಿ ಬಲಕ್ಕೆ ಹಲವು ಸಲ ತಿರುಗಿಸಿ ಎಲ್ಲಿಯಾದರೂ ತಾಗುತ್ತದೆಯೇ ನೋಡಿದರು. ಕೆಳಗಿನಿಂದ ಟಾರ್ಚ್ ಬಿಟ್ಟು ಪಿನ್ ಪೂರ್ತಿ ಒಳಗೆ ಹೋಗಿದೆಯೇ ನೋಡಿದರು. ಪಿನ್ನಿನ ಒಂದು ಬದಿಯಲ್ಲಿ ಕಲ್ಲಿನ ಒತ್ತಡಕ್ಕೆ ಸಣ್ಣ ಗೀರು ಬಿದ್ದಿತ್ತು, ಸೊಟ್ಟಗಾಗಿರಲಿಲ್ಲ. ತೂತಿನ ಅಂಚಿನ ಮಣ್ಣು ಒರೆಸಿ, ಲಾಕ್ ಒಣಗಿದ ಮೇಲೆ ಚಾವಿ ತೂತಿಗೆ ಗ್ರಾಫೈಟ್ ಪುಡಿ ಹಾಕಿದರು. ಪೆನ್ಸಿಲ್ ಕಡ್ಡಿಯ ಪುಡಿಯೂ ಆಗುತ್ತದೆ. ಅದು ಒಣ ಪುಡಿ, ಮರಳನ್ನು ಅಂಟಿಸಿಕೊಳ್ಳುವುದಿಲ್ಲ. ಚಾವಡಿಯಲ್ಲಿ ಕಂಪನಿ ಚಾವಿಯಿಂದಲೇ ಎರಡು ನಕಲು ಮಾಡಿಸಿದರು. ಒಂದು ಅಣ್ಣನಿಗೆ, ಇನ್ನೊಂದು ತಮ್ಮನ ಬ್ಯಾಗಿಗೆ. ಹಳೆಯದನ್ನು ಕಾಕಾ ತಮ್ಮ ಡಬ್ಬಿಗೆ ಹಾಕಿಕೊಂಡರು, ಇನ್ನೊಬ್ಬರಿಗೆ ತೋರಿಸಲು.

ಗಾಡಿ ಬಾಡಿಗೆಗೆ ತೆಗೆದುಕೊಳ್ಳುವವರಿಗೂ ಒಂದು ಮಾತು ಹೇಳಬೇಕು. ಗೋವಾದಲ್ಲಿ "ಲಾಕ್ ಜಾಮ್" ಎಂದು ಫೋನ್ ಮಾಡುವವರಲ್ಲಿ ಕೆಲವರ ಲಾಕ್ ಜಾಮ್ ಆಗಿರುವುದೇ ಇಲ್ಲ. ಹಲವು ಸ್ಕೂಟರುಗಳ ಚಾವಿ ತೂತಿಗೆ ಮ್ಯಾಗ್ನೆಟ್ ಶಟರ್ ಮುಚ್ಚಿರುತ್ತದೆ. ಚಾವಿಯ ಹಿಡಿಯಲ್ಲಿರುವ ಸಣ್ಣ ಮ್ಯಾಗ್ನೆಟ್ ತುದಿಯನ್ನು ಪಕ್ಕದ ಗುಳಿಯಲ್ಲಿಟ್ಟು ತಿರುಗಿಸಿದರೆ ಅದು ತೆರೆಯುತ್ತದೆ. ಹಾಗೆಯೇ ಕೆಲವು ಬೈಕುಗಳಲ್ಲಿ ತೆರೆಯುವಾಗಲೂ ಚಾವಿಯನ್ನು ಒತ್ತಿ ತಿರುಗಿಸಬೇಕು. ಗಾಡಿ ತೆಗೆದುಕೊಳ್ಳುವಾಗಲೇ ಬಾಡಿಗೆ ಕೊಡುವವರ ಮುಂದೆ ಒಮ್ಮೆ ಲಾಕ್ ಹಾಕಿ ತೆಗೆದು ನೋಡಿ.

ಹೊರಡುವ ಮುಂಚೆ ಅಣ್ಣ ಲಾಕ್ ಸೆಟ್ ಬದಲಿಸಬೇಕಾ ಅಂತ ಕೇಳಿದ. ಮಾರುವವನು ನಾನು, ಆದರೂ ಬೇಡ ಅಂದೆ. ಪಿನ್ ನೇರ ಇದೆ, ಉರುಳೆ ಸಲೀಸಾಗಿ ತಿರುಗುತ್ತಿದೆ. ಮನೆಗೆ ಹೋದ ಮೇಲೆ ಒಮ್ಮೆ ಒಳಗಿನ ರಾಡಿ ಪೂರ್ತಿ ತೊಳೆಸಿ, ಮತ್ತೆ ಪುಡಿ ಹಾಕಿಸಿದರೆ ಸಾಕು. ಕಾಕಾ ಸೇರಿಸಿದ್ದು ಇಷ್ಟು: ಮರಳು ನೆಲದಲ್ಲಿ ಸ್ಟ್ಯಾಂಡಿನ ಕೆಳಗೆ ಚಪ್ಪಟೆ ಕಲ್ಲು ಇಡಿ, ಲಾಕ್ ಹಾಕಿದ ಮೇಲೆ ಹ್ಯಾಂಡಲ್ ಆಡಿಸಿ ಟಕ್ ಅನ್ನುತ್ತದೆಯೇ ನೋಡಿ, ಅನ್ನದಿದ್ದರೆ ಆಗಲೇ ಗಾಡಿ ಸರಿಸಿ ಮತ್ತೆ ಲಾಕ್ ಹಾಕಿ.